ಸಮೀಪ ನಕ್ಷತ್ರಗಳ ಗ್ರಹಾನ್ವೇಷಣೆ: ಒಂದು ದೋಷಪರಿಶೋಧನೆಯ ಇತಿಹಾಸ

೧

ಭೂಮಿಯಂತಹ ಲೋಕಗಳು ಬೇರೆಡೆಯೂ ಇವೆಯೆ, ಇದ್ದರೆ ಅಲ್ಲಿ ಜೀವವಿದೆಯೆ ಎಂಬ ಪ್ರಶ್ನೆ ಬಹು ಪುರಾತನವಾದುದು. ಅನಂತಕೋಟಿ ಬ್ರಹ್ಮಾಂಡಗಳ ಕಲ್ಪನೆ ನಮ್ಮ ಪುರಾಣಗಳಿಗೆ ಹೊಸತಲ್ಲ. ಗ್ರೀಕ್ ದಾರ್ಶನಿಕರಲ್ಲಿಯೂ ಅನೇಕ ಲೋಕಗಳ ವಾದವನ್ನು ಎತ್ತಿಹಿಡಿದವರಿದ್ದರು. ಆದರೆ ಕಲ್ಪನೆಗೂ ಪ್ರಮಾಣಕ್ಕೂ ಇರುವ ಅಂತರ ಅಪಾರವಾದುದು. ಒಂದು ನಿರ್ದಿಷ್ಟ ನಕ್ಷತ್ರವನ್ನು ಬೆರಳಿಟ್ಟು ತೋರಿಸಿ, ಇದರ ಸುತ್ತ ಇಷ್ಟು ತೂಕದ ಗ್ರಹವೊಂದು ಇಷ್ಟು ಕಾಲಕ್ಕೊಮ್ಮೆ ಸುತ್ತುತ್ತಿದೆಯೆಂದು ಅಳತೆಯ ಆಧಾರದಿಂದ ಹೇಳುವ ಸಾಹಸ ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ. ಅಂದಿನಿಂದ ಈವರೆಗೆ ಸುಮಾರು ನೂರೆಪ್ಪತ್ತು ವರ್ಷಗಳು ಕಳೆದಿವೆ. ೨೦೨೫ರಲ್ಲಿ, ದೃಢಪಟ್ಟ ಸೌರೇತರ ಗ್ರಹಗಳ ಸಂಖ್ಯೆ ಆರು ಸಾವಿರವನ್ನು ದಾಟಿತು. ಅವುಗಳಲ್ಲಿ ಭೂಮಿಯಂತೆ ಶಿಲಾಮಯವಾಗಿರಬಹುದಾದ ಕೆಲವು ಗ್ರಹಗಳು ನಮ್ಮ ನೆರೆಹೊರೆಯ ನಕ್ಷತ್ರಗಳ ಸುತ್ತಲೇ ಇವೆ.

ಈ ಯಶಸ್ಸಿನ ಕಥೆಯನ್ನು ಜನಪ್ರಿಯ ಗ್ರಂಥಗಳು ಸಾಮಾನ್ಯವಾಗಿ ದೊಡ್ಡ ದೊಡ್ಡ ದೂರದರ್ಶಕಗಳ ಕಥೆಯಾಗಿ ಹೇಳುತ್ತವೆ. ಪ್ರಕೃತ ಲೇಖನದ ದೃಷ್ಟಿ ಬೇರೆ. ಈ ಕಾಲಾವಧಿಯಲ್ಲಿ ಘೋಷಿತವಾಗಿ ಆಮೇಲೆ ಸುಳ್ಳೆಂದು ತಿಳಿದುಬಂದ ಗ್ರಹಗಳು ಕೆಲವಿವೆ. ಅವುಗಳನ್ನು ಕಾಲಕ್ರಮದಲ್ಲಿ ಜೋಡಿಸಿ ನೋಡಿದರೆ ಒಂದು ಕುತೂಹಲಕರವಾದ ಸಂಗತಿ ಗೋಚರಿಸುತ್ತದೆ. ಪ್ರತಿಯೊಂದು ಸಲವೂ ಭ್ರಮೆಯ ಮೂಲವನ್ನು ಯಾರೋ ತಾಳ್ಮೆಯಿಂದ ಹುಡುಕಿ ತೆಗೆದಿದ್ದಾರೆ; ಒಂದು ಮೂಲವನ್ನು ತೊಡೆದುಹಾಕಿದ ಬಳಿಕವೇ ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಮೂಲ ಕಾಣಿಸಿಕೊಂಡಿದೆ. ವೀಕ್ಷಕನ ಕೈಯಳತೆ, ದೂರದರ್ಶಕದ ಮಸೂರ, ಭೂಮಿಯ ಗಾಳಿ, ಭೂಮಿಯ ಚಲನೆ, ಕಟ್ಟಕಡೆಗೆ ಆ ನಕ್ಷತ್ರದ ಮೈ, ಇವು ಆ ಮೂಲಗಳು. ಜೀವಾನ್ವೇಷಣೆಯ ಭವಿಷ್ಯವೂ ಈ ಪರಿಶೋಧನೆಯ ಮೇಲೆಯೇ ನಿಂತಿದೆಯೆಂಬುದನ್ನು ತೋರಿಸುವುದು ಇಲ್ಲಿಯ ಉದ್ದೇಶ.

೨

ಮೊದಲ ಘಟನೆ ನಡೆದದ್ದು ನಮ್ಮ ದಕ್ಷಿಣ ಭಾರತದಲ್ಲಿಯೇ. ಮದರಾಸಿನ ನುಂಗಂಬಾಕ್ಕಂನಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ೧೭೯೨ರಲ್ಲಿ ಕಟ್ಟಿಸಿದ ವೇಧಶಾಲೆಯೊಂದಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದರ ಆಡಳಿತ ಕ್ಯಾಪ್ಟನ್ ವಿಲಿಯಂ ಸ್ಟೀಫನ್ ಜೇಕಬ್ ಎಂಬ ಅಧಿಕಾರಿಯ ಕೈಯಲ್ಲಿತ್ತು. ಉರಗಧರ ನಕ್ಷತ್ರಪುಂಜದಲ್ಲಿರುವ ೭೦ ಒಫಿಯೂಕಿ ಎಂಬುದು ಯುಗ್ಮ ನಕ್ಷತ್ರ. ಬರಿಗಣ್ಣಿಗೆ ಒಂದೇ ಚುಕ್ಕೆಯಾಗಿ ಕಂಡರೂ ದೂರದರ್ಶಕದಲ್ಲಿ ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳಾಗಿ ಕಾಣುತ್ತದೆ. ಒಂದು ಸುತ್ತಿಗೆ ಸುಮಾರು ೮೮ ವರ್ಷಗಳು ಬೇಕು. ವಿಲಿಯಂ ಹರ್ಷೆಲನ ಕಾಲದಿಂದ ಹಲವರು ಅಳೆದಿದ್ದ ಅದರ ಸ್ಥಾನಗಳನ್ನು ಜೇಕಬ್ ಗಣಿತದ ಕಕ್ಷೆಯೊಡನೆ ಹೋಲಿಸಿದಾಗ, ಅವು ಕ್ರಮವಾಗಿ ಆಚೀಚೆ ಓಲಾಡುವಂತೆ ಕಂಡವು. ಎರಡು ನಕ್ಷತ್ರಗಳಲ್ಲೊಂದರ ಸುತ್ತ ಕಣ್ಣಿಗೆ ಕಾಣದ ಗ್ರಹವೊಂದಿರುವುದು ಸಂಭವನೀಯವೆಂದು ಆತ ೧೮೫೫ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದನು. ಸೌರಮಂಡಲದಾಚೆಯ ಒಂದು ಗೊತ್ತಾದ ಗ್ರಹವನ್ನು ಅಳತೆಯ ಆಧಾರದಿಂದ ಸೂಚಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಇದು ಮುಖ್ಯವಾದುದು.

ಜೇಕಬ್ಬನ ತರ್ಕ ಅಸಂಬದ್ಧವಾದುದೇನಲ್ಲ. ಬೆಸೆಲ್ ಎಂಬ ಜರ್ಮನ್ ವಿದ್ವಾಂಸನು ೧೮೪೪ರಲ್ಲಿ ಲುಬ್ಧಕ ನಕ್ಷತ್ರದ ಪಥದಲ್ಲಿ ಇಂತಹುದೇ ಓಲಾಟವನ್ನು ಕಂಡು, ಅದಕ್ಕೆ ಕಾಣದ ಸಂಗಾತಿಯೊಂದಿದೆಯೆಂದು ಸಾರಿದ್ದನು. ೧೮೬೨ರಲ್ಲಿ ಅಮೆರಿಕದ ಆಲ್ವನ್ ಗ್ರಹಾಂ ಕ್ಲಾರ್ಕನು ಹೊಸ ಮಸೂರವೊಂದನ್ನು ಪರೀಕ್ಷಿಸುವಾಗ ಆ ಸಂಗಾತಿ ಪ್ರತ್ಯಕ್ಷವಾಗಿಯೇ ಕಂಡಿತು. ಎರಡು ಕಾಯಗಳು ಪರಸ್ಪರ ಆಕರ್ಷಿಸುವಾಗ ಎರಡೂ ತಮ್ಮ ಸಮಾನ ದ್ರವ್ಯಕೇಂದ್ರವನ್ನು ಸುತ್ತಬೇಕಾದುದು ನ್ಯೂಟನ್ನನ ನಿಯಮ; ಆದುದರಿಂದ ಕಾಣುವ ಕಾಯದ ಓಲಾಟವು ಕಾಣದ ಕಾಯಕ್ಕೆ ಸಾಕ್ಷಿ. ತತ್ತ್ವ ಸರಿಯಾಗಿತ್ತು, ಆದರೆ ಪ್ರಮಾಣದಲ್ಲಿ ಮಾತ್ರ ಅಜಗಜಾಂತರವಿತ್ತು. ಲುಬ್ಧಕದ ಸಂಗಾತಿ ಸೂರ್ಯನಷ್ಟೇ ತೂಕವುಳ್ಳದ್ದು. ಗ್ರಹವೊಂದು ತನ್ನ ನಕ್ಷತ್ರವನ್ನು ಎಳೆಯುವುದಾದರೂ ಎಷ್ಟು! ನಾನಾ ವೀಕ್ಷಕರು ನಾನಾ ಉಪಕರಣಗಳಿಂದ ಕಣ್ಣಳತೆಯಲ್ಲಿ ತೆಗೆದ ಅಂಕಿಗಳಲ್ಲಿಯ ತಪ್ಪು, ಹುಡುಕುತ್ತಿದ್ದ ಓಲಾಟದಷ್ಟೇ ದೊಡ್ಡದಾಗಿತ್ತು. ೧೮೯೬ರಲ್ಲಿ ಟಿ. ಜೆ. ಜೆ. ಸೀ ಎಂಬಾತ ಅದೇ ನಕ್ಷತ್ರಕ್ಕೆ ೩೬ ವರ್ಷಗಳ ಅವಧಿಯ ಕತ್ತಲ ಕಾಯವೊಂದನ್ನು ಮತ್ತೆ ಕಲ್ಪಿಸಿದನು. ಅಂತಹ ಮೂರು ಕಾಯಗಳ ವ್ಯವಸ್ಥೆ ಸ್ಥಿರವಾಗಿ ನಿಲ್ಲಲಾರದೆಂದು ೧೮೯೯ರಲ್ಲಿ ಫಾರೆಸ್ಟ್ ರೇ ಮೌಲ್ಟನ್ ಗಣಿತದಿಂದ ತೋರಿಸಿಕೊಟ್ಟನು. ೭೦ ಒಫಿಯೂಕಿಯ ಗ್ರಹ ಅಲ್ಲಿಗೆ ಅಸ್ತಂಗತವಾಯಿತು.

ಜೇಕಬ್ ೧೮೬೨ರಲ್ಲಿ ಪುಣೆಯಲ್ಲಿ ತೀರಿಕೊಂಡನು. ಮದರಾಸಿನ ವೇಧಶಾಲೆಯ ಕಾರ್ಯ ೧೮೯೯ರಿಂದ ಕೊಡೈಕೆನಾಲ್ ಬೆಟ್ಟಕ್ಕೆ ಸಾಗಿತು. ಆ ಪರಂಪರೆಯೇ ೧೯೭೧ರಲ್ಲಿ ಭಾರತೀಯ ಖಭೌತವಿಜ್ಞಾನ ಸಂಸ್ಥೆಯಾಗಿ ರೂಪಾಂತರ ಹೊಂದಿ ಬೆಂಗಳೂರಿನಲ್ಲಿ ನೆಲೆಗೊಂಡಿತು. ಹೀಗಾಗಿ ಈ ಇತಿಹಾಸದ ಮೊದಲ ಪುಟದ ವಾರಸುದಾರಿಕೆಯಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ.

೩

೧೯೧೬ರಲ್ಲಿ ಅಮೆರಿಕದ ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್ ಅದೇ ಉರಗಧರ ಪುಂಜದಲ್ಲಿ, ೭೦ ಒಫಿಯೂಕಿಯಿಂದ ಸುಮಾರು ಮೂರು ಅಂಶಗಳಷ್ಟು ಅಂತರದಲ್ಲಿ, ಒಂದು ಮಸುಕಾದ ಕೆಂಪು ನಕ್ಷತ್ರವನ್ನು ಗುರುತಿಸಿದರು. ಅದು ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ಬೇರಾವ ನಕ್ಷತ್ರವೂ ಆಕಾಶದಲ್ಲಿ ಅಷ್ಟು ವೇಗವಾಗಿ ಸ್ಥಾನ ಬದಲಿಸುವುದಿಲ್ಲ. ವರ್ಷಕ್ಕೆ ೧೦ ವಿಕಲೆಗಳಿಗಿಂತ ಹೆಚ್ಚು ಸರಿಯುತ್ತ, ಸುಮಾರು ೧೭೫ ವರ್ಷಗಳಲ್ಲಿ ಚಂದ್ರಬಿಂಬದ ಅಗಲದಷ್ಟು ದೂರ ಹೋಗುತ್ತದೆ. ನಮ್ಮಿಂದ ಸುಮಾರು ೬ ಜ್ಯೋತಿರ್ವರ್ಷ ದೂರದಲ್ಲಿರುವ ಇದಕ್ಕಿಂತ ಸಮೀಪದಲ್ಲಿರುವುದು ಆಲ್ಫಾ ಸೆಂಟಾರಿಯ ಮೂರು ನಕ್ಷತ್ರಗಳ ಕೂಟವೊಂದೇ. ಬಾರ್ನಾರ್ಡ್ ನಕ್ಷತ್ರದ ತೂಕ ಸೂರ್ಯನ ಆರರಲ್ಲೊಂದು ಪಾಲು. ಸಮೀಪವೂ ಹಗುರವೂ ಆದ ನಕ್ಷತ್ರವನ್ನು ಗ್ರಹವು ಎಳೆದರೆ ಓಲಾಟ ಎದ್ದುಕಾಣಬೇಕಷ್ಟೆ. ಗ್ರಹಾನ್ವೇಷಕರ ದೃಷ್ಟಿ ಅಲ್ಲಿಗೆ ಹರಿದುದು ಸಹಜವಾಗಿತ್ತು.

ಆ ಕೆಲಸಕ್ಕೆ ತಮ್ಮ ಜೀವಮಾನವನ್ನೇ ಮುಡಿಪಿಟ್ಟವರು ಪೀಟರ್ ವಾನ್ ಡ ಕಾಂಪ್. ಹಾಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದ ಅವರು ೧೯೩೭ರಲ್ಲಿ ಪೆನ್ಸಿಲ್ವೇನಿಯದ ಸ್ವಾರ್ತ್‌ಮೋರ್ ಕಾಲೇಜಿನ ಸ್ಪ್ರೌಲ್ ವೇಧಶಾಲೆಯ ನಿರ್ದೇಶಕರಾದರು. ಮರುವರ್ಷದಿಂದ ಅಲ್ಲಿಯ ೨೪ ಅಂಗುಲದ ಮಸೂರದರ್ಶಕದಿಂದ ಬಾರ್ನಾರ್ಡ್ ನಕ್ಷತ್ರದ ಛಾಯಾಚಿತ್ರಗಳನ್ನು ಗಾಜಿನ ಫಲಕಗಳ ಮೇಲೆ ತೆಗೆಯುವ ಕಾರ್ಯ ಅವಿಚ್ಛಿನ್ನವಾಗಿ ಸಾಗಿತು. ಇಪ್ಪತ್ತೈದು ವರ್ಷಗಳ ಬಳಿಕ, ೧೯೬೩ರಲ್ಲಿ, ೨,೪೧೩ ಫಲಕಗಳ ಅಳತೆಯನ್ನು ಆಧರಿಸಿ ಅವರು ತಮ್ಮ ನಿರ್ಣಯವನ್ನು ಪ್ರಕಟಿಸಿದರು: ಗುರುಗ್ರಹದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ತೂಕವುಳ್ಳ ಗ್ರಹವೊಂದು ೨೪ ವರ್ಷಗಳಿಗೊಮ್ಮೆ ಬಾರ್ನಾರ್ಡ್ ನಕ್ಷತ್ರವನ್ನು ಸುತ್ತುತ್ತಿದೆ. ೧೯೬೯ರಲ್ಲಿ ಅದನ್ನು ತಿದ್ದಿ, ೨೬ ಮತ್ತು ೧೨ ವರ್ಷಗಳ ಅವಧಿಯ ಎರಡು ಗ್ರಹಗಳಿವೆಯೆಂದು ಹೇಳಿದರು.

ಈ ನಿರ್ಣಯದ ಆಧಾರ ಎಷ್ಟು ಸೂಕ್ಷ್ಮವಾದುದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಫಲಕದ ಮೇಲೆ ನಕ್ಷತ್ರದ ಚುಕ್ಕೆಯ ಓಲಾಟ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಚುಕ್ಕೆಯಾದರೋ ಅದಕ್ಕಿಂತ ಎಷ್ಟೋ ಪಾಲು ಅಗಲವಾದುದು. ಸಾವಿರಾರು ಅಳತೆಗಳ ಸರಾಸರಿಯಲ್ಲಿ ಬಿಡಿ ಅಳತೆಗಳ ತಪ್ಪು ಒಂದನ್ನೊಂದು ಕಳೆದುಕೊಂಡು, ಸತ್ಯವಾದ ಅಂಶ ಉಳಿಯುತ್ತದೆಂಬುದು ಅವರ ಭರವಸೆ. ಅಲ್ಲಲ್ಲಿ ಚದುರಿದ ಯಾದೃಚ್ಛಿಕ ದೋಷಗಳ ವಿಷಯದಲ್ಲಿ ಈ ಭರವಸೆ ಸಾಧುವಾದುದೇ. ಆದರೆ ಎಲ್ಲ ಅಳತೆಗಳನ್ನೂ ಒಂದೇ ದಿಕ್ಕಿಗೆ ತಳ್ಳುವ ವ್ಯವಸ್ಥಿತ ದೋಷವಿದ್ದಲ್ಲಿ ಎಷ್ಟು ಸಾವಿರ ಫಲಕಗಳನ್ನು ಕೂಡಿಸಿದರೂ ಅದು ಕರಗುವುದಿಲ್ಲ. ಕೂಡಿಸಿದಷ್ಟೂ ಅದು ಸತ್ಯದ ವೇಷದಲ್ಲಿ ಗಟ್ಟಿಯಾಗುತ್ತ ಹೋಗುತ್ತದೆ.

ಆ ಕಾಲದ ವಾತಾವರಣವೂ ಈ ಶೋಧಕ್ಕೆ ಅನುಕೂಲವಾಗಿತ್ತು. ನಕ್ಷತ್ರಾಂತರ ಸಂದೇಶಗಳನ್ನು ರೇಡಿಯೋ ಅಲೆಗಳಲ್ಲಿ ಹುಡುಕಬಹುದೆಂದು ಕೊಕೋನಿ ಮತ್ತು ಮಾರಿಸನ್ ೧೯೫೯ರಲ್ಲಿ ಬರೆದಿದ್ದರು. ೧೯೬೦ರಲ್ಲಿ ಫ್ರಾಂಕ್ ಡ್ರೇಕ್ ಗ್ರೀನ್ ಬ್ಯಾಂಕಿನ ರೇಡಿಯೋ ದೂರದರ್ಶಕವನ್ನು ಟೌ ಸೆಟಿ, ಎಪ್ಸಿಲಾನ್ ಎರಿಡಾನಿ ಎಂಬ ಎರಡು ಸಮೀಪ ನಕ್ಷತ್ರಗಳತ್ತ ತಿರುಗಿಸಿ ಕಿವಿಗೊಟ್ಟಿದ್ದರು. ಬಾರ್ನಾರ್ಡ್ ನಕ್ಷತ್ರದ ಗ್ರಹಗಳು ಪಠ್ಯಪುಸ್ತಕಗಳನ್ನು ಸೇರಿದವು. ಬ್ರಿಟನ್ನಿನ ಅಂತರಗ್ರಹ ಸಂಘದವರು ೧೯೭೩ರಿಂದ ೧೯೭೮ರ ವರೆಗೆ ಡೀಡಲಸ್ ಎಂಬ ಮಾನವರಹಿತ ನಕ್ಷತ್ರನೌಕೆಯ ನಕ್ಷೆಯನ್ನು ರಚಿಸಿದಾಗ, ಆರಿಸಿಕೊಂಡ ಗಮ್ಯಸ್ಥಾನ ಈ ನಕ್ಷತ್ರವೇ.

೪

ಆ ನಕ್ಷೆಯ ಕೆಲಸ ಪ್ರಾರಂಭವಾದ ೧೯೭೩ರಲ್ಲಿಯೇ ಗ್ರಹಗಳ ಬುಡ ಸಡಿಲವಾಯಿತೆಂಬುದು ಇತಿಹಾಸದ ವ್ಯಂಗ್ಯ. ಜಾರ್ಜ್ ಗೇಟ್‌ವುಡ್ ಮತ್ತು ಹೈನ್ರಿಕ್ ಐಕ್‌ಹಾರ್ನ್ ಬೇರೆ ಎರಡು ವೇಧಶಾಲೆಗಳ ಫಲಕಗಳನ್ನು ಬೇರೆ ಅಳತೆಯಂತ್ರದಿಂದ ಪರೀಕ್ಷಿಸಿದರು. ಅವುಗಳಲ್ಲಿ ಆ ಓಲಾಟ ಕಾಣಲಿಲ್ಲ. ಅದೇ ವರ್ಷ ಸ್ಪ್ರೌಲ್ ವೇಧಶಾಲೆಯೊಳಗಿನಿಂದಲೇ ಇನ್ನೊಂದು ಸಾಕ್ಷ್ಯ ಹೊರಬಂದಿತು. ಜಾನ್ ಹರ್ಶಿ ಎಂಬ ಸಂಶೋಧಕರು ಅದೇ ದೂರದರ್ಶಕದಿಂದ ತೆಗೆದ ಗ್ಲೀಸಾ ೭೯೩ ಎಂಬ ಬೇರೊಂದು ನಕ್ಷತ್ರದ ಫಲಕಗಳನ್ನು ಅಳೆದಾಗ, ಬಾರ್ನಾರ್ಡ್ ನಕ್ಷತ್ರದಂತೆಯೇ ಅದೂ ಅದೇ ವರ್ಷಗಳಲ್ಲಿ ಸ್ಥಾನ ಬದಲಿಸಿದಂತೆ ಕಂಡಿತು. ಆಕಾಶದ ಎರಡು ಮೂಲೆಗಳಲ್ಲಿರುವ ನಕ್ಷತ್ರಗಳು ಒಟ್ಟಿಗೆ ಓಲಾಡಲು ಕಾರಣವೇನು? ವೇಧಶಾಲೆಯ ದಾಖಲೆಗಳು ಉತ್ತರ ಕೊಟ್ಟವು. ೧೯೪೯ರಲ್ಲಿ ದೂರದರ್ಶಕದ ವಸ್ತುಮಸೂರಕ್ಕೆ ಹೊಸ ಎರಕದ ಕಬ್ಬಿಣದ ಚೌಕಟ್ಟನ್ನು ಕೂಡಿಸಲಾಗಿತ್ತು. ೧೯೫೭ರಲ್ಲಿ ಮಸೂರವನ್ನು ಮತ್ತೊಮ್ಮೆ ಸರಿಹೊಂದಿಸಲಾಗಿತ್ತು. ನಕ್ಷತ್ರಗಳ ಜಿಗಿತಗಳು ಈ ದುರಸ್ತಿಗಳ ಕಾಲಕ್ಕೆ ಸರಿಯಾಗಿ ಹೊಂದಿದವು. ಓಲಾಡಿದುದು ನಕ್ಷತ್ರವಲ್ಲ, ಮಸೂರ.

ವಾನ್ ಡ ಕಾಂಪ್ ಇದನ್ನು ಒಪ್ಪಲಿಲ್ಲ. ೧೯೫೦ರ ಅನಂತರದ ಫಲಕಗಳನ್ನು ಮಾತ್ರ ಇಟ್ಟುಕೊಂಡು ಮತ್ತೆ ಗಣನೆ ಮಾಡಿ, ೧೯೮೨ರಲ್ಲಿಯೂ ಎರಡು ಗ್ರಹಗಳನ್ನು ಪ್ರತಿಪಾದಿಸಿದರು. ೧೯೯೫ರ ಮೇ ತಿಂಗಳಿನಲ್ಲಿ ಅವರು ನಿಧನರಾದಾಗಲೂ ಅವರ ನಂಬಿಕೆ ಸಡಿಲವಾಗಿರಲಿಲ್ಲ. ಅವರನ್ನು ಹಟವಾದಿಯೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಸಮೀಪ ನಕ್ಷತ್ರಗಳ ದೂರ, ತೂಕಗಳ ಬಗೆಗೆ ಅವರ ಶಾಲೆ ಕೂಡಿಹಾಕಿದ ಜ್ಞಾನ ಬೆಲೆಯುಳ್ಳದ್ದು. ಅವರನ್ನು ಅಲ್ಲಗಳೆಯಲು ಸಾಧ್ಯವಾದದ್ದೂ ಅವರು ಫಲಕಗಳನ್ನೂ ದಾಖಲೆಗಳನ್ನೂ ಅಷ್ಟು ನಿಷ್ಠೆಯಿಂದ ಕಾಪಾಡಿಟ್ಟದ್ದರಿಂದಲೇ. ಆದರೂ ಅವರ ಜೀವನ ಒಂದು ಎಚ್ಚರಿಕೆಯನ್ನು ಬಿಟ್ಟುಹೋಗಿದೆ: ಒಂದೇ ಉಪಕರಣದ ಸಾಕ್ಷ್ಯ, ಅದು ಎಷ್ಟೇ ದೀರ್ಘವಾಗಿರಲಿ, ತನ್ನ ದೋಷಕ್ಕೆ ತಾನೇ ಸಾಕ್ಷಿ ಹೇಳಲಾರದು.

ಇದೇ ಎಚ್ಚರಿಕೆಯನ್ನು ಬೇರೊಂದು ರೀತಿಯಲ್ಲಿ ಪಾಲಿಸಿದವರೂ ಇದ್ದಾರೆ. ಬ್ರಿಟನ್ನಿನ ಆಂಡ್ರೂ ಲೈನ್ ಮತ್ತು ಸಂಗಡಿಗರು ೧೯೯೧ರಲ್ಲಿ ಪಲ್ಸಾರ್ ಒಂದರ ಸುತ್ತ, ಎಂದರೆ ಕ್ಲುಪ್ತ ಕಾಲಕ್ಕೊಮ್ಮೆ ರೇಡಿಯೋ ಮಿಡಿತಗಳನ್ನು ಕಳುಹಿಸುವ ಮೃತನಕ್ಷತ್ರವೊಂದರ ಸುತ್ತ, ಆರು ತಿಂಗಳ ಅವಧಿಯ ಗ್ರಹವನ್ನು ಘೋಷಿಸಿದರು. ಮಿಡಿತಗಳ ಕಾಲವನ್ನು ಗಣಿಸುವಾಗ ಸೂರ್ಯನ ಸುತ್ತ ಭೂಮಿಯ ಚಲನೆಯನ್ನು ಪೂರ್ಣವಾಗಿ ಕಳೆದಿರಲಿಲ್ಲವೆಂಬುದು ಬಳಿಕ ಅವರ ಗಮನಕ್ಕೇ ಬಂದಿತು. ೧೯೯೨ರ ಜನವರಿಯಲ್ಲಿ ಅಟ್ಲಾಂಟಾ ನಗರದ ಸಮ್ಮೇಳನದಲ್ಲಿ ಲೈನ್ ಎದ್ದುನಿಂತು ತಮ್ಮ ಗ್ರಹ ಇಲ್ಲವೆಂದು ತಾವೇ ಸಾರಿದಾಗ ಸಭೆ ಕರತಾಡನದಿಂದ ಅವರನ್ನು ಗೌರವಿಸಿತು. ಅದೇ ಸಭೆಯಲ್ಲಿ ಅಲೆಕ್ಸಾಂಡರ್ ವೊಲ್ಶ್‌ಚಾನ್ ಇನ್ನೊಂದು ಪಲ್ಸಾರಿನ ಸುತ್ತಲಿನ ಗ್ರಹಗಳನ್ನು ವಿವರಿಸಿದರು. ಡೇಲ್ ಫ್ರೇಲರೊಡನೆ ಅವರು ಕಂಡ ಆ ಗ್ರಹಗಳು ಉಳಿದುಕೊಂಡವು. ದೃಢಪಟ್ಟ ಸೌರೇತರ ಗ್ರಹಗಳಲ್ಲಿ ಅವೇ ಮೊದಲನೆಯವು.

೫

ನಕ್ಷತ್ರದ ಸ್ಥಾನವನ್ನು ಅಳೆಯುವುದರ ಬದಲು ವೇಗವನ್ನು ಅಳೆಯುವುದು ಎರಡನೆಯ ಮಾರ್ಗ. ನಕ್ಷತ್ರವು ಓಲಾಡುವಾಗ ಒಮ್ಮೆ ನಮ್ಮ ಕಡೆಗೂ ಒಮ್ಮೆ ಆಚೆಗೂ ಚಲಿಸುತ್ತದೆ. ಅದರ ಬೆಳಕಿನ ರೋಹಿತದಲ್ಲಿಯ ರೇಖೆಗಳು ಅದಕ್ಕೆ ತಕ್ಕಂತೆ ನೀಲಿಯ ಕಡೆಗೂ ಕೆಂಪಿನ ಕಡೆಗೂ ಸರಿಯುತ್ತವೆ. ಈ ಮಾರ್ಗದಿಂದ ಗ್ರಹಗಳನ್ನು ಹುಡುಕಬಹುದೆಂದೂ, ಗ್ರಹವು ನಕ್ಷತ್ರಬಿಂಬವನ್ನು ಅಡ್ಡಹಾಯುವಾಗ ಬೆಳಕು ಕುಂದುವುದನ್ನು ಸಹ ಗುರುತಿಸಬಹುದೆಂದೂ ಆಟೋ ಸ್ಟ್ರೂವೆ ೧೯೫೨ರಲ್ಲಿಯೇ ಒಂದು ಕಿರುಲೇಖನದಲ್ಲಿ ಸೂಚಿಸಿದ್ದರು. ಆಗ ಅದಕ್ಕೆ ಕಿವಿಗೊಟ್ಟವರು ವಿರಳ. ೧೯೯೫ರ ಅಕ್ಟೋಬರಿನಲ್ಲಿ, ವಾನ್ ಡ ಕಾಂಪರು ತೀರಿಕೊಂಡ ಕೆಲವೇ ತಿಂಗಳುಗಳ ಬಳಿಕ, ಮಿಶೆಲ್ ಮಯೋರ್ ಮತ್ತು ದಿದಿಯೆ ಕೆಲೋಜ್ ಇದೇ ವಿಧಾನದಿಂದ ೫೧ ಪೆಗಾಸಿ ಎಂಬ ನಕ್ಷತ್ರದ ಗ್ರಹವನ್ನು ಘೋಷಿಸಿದರು. ೨೦೧೯ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಲಭಿಸಿತು.

ಆದರೆ ಭೂಮಿಯಂತಹ ಸಣ್ಣ ಗ್ರಹಗಳ ದಾರಿ ಇನ್ನೂ ದೂರವಿತ್ತು. ಗುರುಗ್ರಹವು ಸೂರ್ಯನನ್ನು ಸೆಕೆಂಡಿಗೆ ಸುಮಾರು ೧೨ ಮೀಟರ್ ವೇಗದಿಂದ ಅಲುಗಿಸುತ್ತದೆ. ಭೂಮಿ ಅಲುಗಿಸುವುದು ಸೆಕೆಂಡಿಗೆ ೯ ಸೆಂಟಿಮೀಟರ್ ಮಾತ್ರ. ರೋಹಿತದರ್ಶಕಗಳು ಸೆಕೆಂಡಿಗೆ ಒಂದು ಮೀಟರಿನಷ್ಟು ಸೂಕ್ಷ್ಮತೆಯನ್ನು ತಲಪಿದಾಗ ಭ್ರಮೆಯ ಹೊಸ ಮೂಲವೊಂದು ತೋರಿತು. ನಕ್ಷತ್ರದ ಮೈ ನಯವಾದ ದೀಪಗೋಲವಲ್ಲ. ಅದು ಕುದಿಯುತ್ತದೆ, ಅದರ ಮೇಲೆ ಕಳಂಕಗಳು ಮೂಡಿ ಅಳಿಯುತ್ತವೆ, ಅದು ತನ್ನ ಅಕ್ಷದ ಮೇಲೆ ತಿರುಗುತ್ತದೆ. ಕಳಂಕವೊಂದು ತಿರುಗಿ ಬಂದಾಗ ರೋಹಿತರೇಖೆಗಳು ಗ್ರಹದ ಎಳೆತಕ್ಕೆ ಒಳಗಾದಂತೆಯೇ ಅತ್ತಿತ್ತ ಸರಿಯುತ್ತವೆ. ೨೦೧೦ರಲ್ಲಿ ಗ್ಲೀಸಾ ೫೮೧ ನಕ್ಷತ್ರದ ಸುತ್ತ, ನೀರು ದ್ರವವಾಗಿರಬಲ್ಲ ವಲಯದಲ್ಲಿ, ಶಿಲಾಮಯ ಗ್ರಹವೊಂದು ಘೋಷಿತವಾಗಿ ಜಗತ್ತಿನ ಗಮನ ಸೆಳೆಯಿತು. ಅದು ನಕ್ಷತ್ರದ ಮೈಮೇಲಿನ ಚಟುವಟಿಕೆಯ ಫಲವೆಂದು ೨೦೧೪ರಲ್ಲಿ ತೋರಿಸಲಾಯಿತು. ೨೦೧೨ರಲ್ಲಿ ಆಲ್ಫಾ ಸೆಂಟಾರಿ ಬಿ ನಕ್ಷತ್ರಕ್ಕೆ ಹೇಳಲಾದ ಗ್ರಹವೂ, ಅಳತೆಗಳನ್ನು ತೆಗೆದ ದಿನಗಳ ಅಂತರದಿಂದ ಹುಟ್ಟಿದ ಗಣಿತದ ಛಾಯೆಯೆಂದು ೨೦೧೫ರಲ್ಲಿ ತಿಳಿಯಿತು.

ಈ ಪಾಠಗಳನ್ನು ಅರಗಿಸಿಕೊಂಡ ಮೇಲೆ ದೊರೆತದ್ದು ಪ್ರಾಕ್ಸಿಮಾ ಸೆಂಟಾರಿಯ ಗ್ರಹ. ಗಿಯೆಮ್ ಆಂಗ್ಲಾಡಾ ಎಸ್ಕುಡೆ ಮತ್ತು ಸಂಗಡಿಗರು ೨೦೧೬ರಲ್ಲಿ ಚಿಲಿ ದೇಶದ ಲಾ ಸಿಲ್ಲಾ ವೇಧಶಾಲೆಯಿಂದ ಸತತ ರಾತ್ರಿಗಳಲ್ಲಿ ಅದರ ವೇಗವನ್ನು ಅಳೆಯುವಾಗ, ಬೇರೆ ದೂರದರ್ಶಕಗಳು ಅದೇ ಕಾಲದಲ್ಲಿ ನಕ್ಷತ್ರದ ಬೆಳಕಿನ ಏರಿಳಿತವನ್ನು ಕಾಯುತ್ತಿದ್ದುವು. ಕಳಂಕಗಳಿಗೆ ಸಂಬಂಧಿಸಿದ ಏರಿಳಿತ ಬೇರೆ, ೧೧.೨ ದಿನಗಳ ಓಲಾಟ ಬೇರೆ ಎಂಬುದು ಹೀಗೆ ಸಿದ್ಧಪಟ್ಟಿತು. ಸೂರ್ಯನ ಅತಿ ಸಮೀಪದ ನಕ್ಷತ್ರಕ್ಕೆ, ೪.೨೪ ಜ್ಯೋತಿರ್ವರ್ಷಗಳ ದೂರದಲ್ಲಿ, ಹೆಚ್ಚು ಕಡಿಮೆ ಭೂಮಿಯಷ್ಟೇ ಕನಿಷ್ಠ ತೂಕವುಳ್ಳ ಗ್ರಹವಿದೆ.

೬

ಬಾರ್ನಾರ್ಡ್ ನಕ್ಷತ್ರಕ್ಕೆ ಈಗ ಹಿಂದಿರುಗೋಣ. ೨೦೧೮ರಲ್ಲಿ ಇಗ್ನಾಸಿ ರೀಬಾಸ್ ಅವರ ತಂಡ ಇಪ್ಪತ್ತು ವರ್ಷಗಳಲ್ಲಿ ಹಲವು ಉಪಕರಣಗಳು ತೆಗೆದ ೭೭೧ ಅಳತೆಗಳನ್ನು ಕೂಡಿಸಿ, ಭೂಮಿಯ ಮೂರು ಪಟ್ಟಿಗಿಂತ ಹೆಚ್ಚು ತೂಕದ, ೨೩೩ ದಿನಗಳ ಅವಧಿಯ ಗ್ರಹವೊಂದನ್ನು ಮುಂದಿಟ್ಟಿತು. ಒಂದೇ ಉಪಕರಣವನ್ನು ನಂಬಬಾರದೆಂಬ ೧೯೭೩ರ ಪಾಠವನ್ನು ಅವರು ಪಾಲಿಸಿದ್ದರು. ಆದರೂ ಅದು ನಿಲ್ಲಲಿಲ್ಲ. ನಕ್ಷತ್ರವು ತಿರುಗುವ ಸುಮಾರು ೧೪೫ ದಿನಗಳ ಅವಧಿ, ನಾವು ಅದನ್ನು ವರ್ಷದ ಕೆಲವು ತಿಂಗಳುಗಳಲ್ಲಿ ಮಾತ್ರ ನೋಡಬಲ್ಲೆವೆಂಬ ನಿರ್ಬಂಧದೊಡನೆ ಬೆರೆತು ೨೩೩ ದಿನಗಳ ನೆರಳನ್ನು ಸೃಷ್ಟಿಸಿತ್ತೆಂದು ೨೦೨೧ರಲ್ಲಿ ಇನ್ನೊಂದು ತಂಡ ತೋರಿಸಿತು. ವೇಧಶಾಲೆಯ ಮಸೂರದಲ್ಲಿದ್ದ ದೋಷವು ಈಗ ನಕ್ಷತ್ರದ ಮೈಗೆ ಸರಿದಿತ್ತು.

೨೦೨೪ರ ಅಕ್ಟೋಬರಿನಲ್ಲಿ ಹೊನಾಯಿ ಗೊನ್ಸಾಲೆಸ್ ಹೆರ್ನಾಂಡೆಸ್ ಅವರ ತಂಡ ಚಿಲಿಯ ಅತಿದೊಡ್ಡ ದೂರದರ್ಶಕಕ್ಕೆ ಜೋಡಿಸಿದ ಎಸ್ಪ್ರೆಸೊ ರೋಹಿತದರ್ಶಕದಿಂದ ಸುಮಾರು ನಾಲ್ಕು ವರ್ಷಗಳ ಕಾಲ ಅಳೆದು, ೩.೧೫ ದಿನಗಳಿಗೊಮ್ಮೆ ಸುತ್ತುವ ಪುಟ್ಟ ಗ್ರಹವನ್ನು ಪ್ರಕಟಿಸಿತು. ಅದು ನಕ್ಷತ್ರವನ್ನು ಅಲುಗಿಸುವ ವೇಗ ಸೆಕೆಂಡಿಗೆ ೫೫ ಸೆಂಟಿಮೀಟರ್, ಎಂದರೆ ನಿಧಾನವಾಗಿ ಹೆಜ್ಜೆಹಾಕುವ ವೃದ್ಧರೊಬ್ಬರ ನಡಿಗೆಯಷ್ಟು. ಇನ್ನೂ ಮೂರು ಗ್ರಹಗಳ ಸುಳಿವಿದೆಯೆಂದೂ ಆ ತಂಡ ಹೇಳಿತ್ತು. ೨೦೨೫ರ ಮಾರ್ಚಿಯಲ್ಲಿ ಹವಾಯಿ ದ್ವೀಪದ ಜೆಮಿನಿ ದೂರದರ್ಶಕದಲ್ಲಿಯ ಮರೂನ್-ಎಕ್ಸ್ ಎಂಬ ಬೇರೆ ಉಪಕರಣದಿಂದ ಬೇರೆ ತಂಡವೊಂದು ನಾಲ್ಕೂ ಗ್ರಹಗಳನ್ನು ದೃಢಪಡಿಸಿತು. ಅವುಗಳ ಅವಧಿ ೨.೩೪, ೩.೧೫, ೪.೧೨ ಮತ್ತು ೬.೭೪ ದಿನಗಳು, ಕನಿಷ್ಠ ತೂಕ ಭೂಮಿಯ ಐದನೆಯ ಒಂದು ಪಾಲಿನಿಂದ ಮೂರನೆಯ ಒಂದು ಪಾಲಿನ ವರೆಗೆ. ಅಷ್ಟು ಹಗುರವಾದ ಕಾಯಗಳು ಶಿಲಾಮಯವಾಗಿರುವ ಸಂಭವವೇ ಹೆಚ್ಚು. ಅವು ನಕ್ಷತ್ರಬಿಂಬವನ್ನು ನಮ್ಮೆದುರು ಅಡ್ಡಹಾಯುವುದಿಲ್ಲವಾಗಿ ಅವುಗಳ ಗಾತ್ರವನ್ನು ಅಳೆಯಲು ಬಂದಿಲ್ಲ. ನಾಲ್ಕೂ ನಕ್ಷತ್ರಕ್ಕೆ ತೀರ ಹತ್ತಿರವಿದ್ದು, ಮೇಲ್ಮೈಯಲ್ಲಿ ನೀರು ನಿಲ್ಲಲಾರದಷ್ಟು ಬಿಸಿಯಾಗಿವೆ.

ವಾನ್ ಡ ಕಾಂಪರ ಊಹೆ ಕೊನೆಗೂ ನಿಜವಾಯಿತೆಂದು ಕೆಲವರು ಭಾವಿಸಬಹುದು. ಹಾಗೆನ್ನುವುದು ಸರಿಯಲ್ಲ. ಅವರು ಹೇಳಿದ್ದು ದಶಕಗಳ ಅವಧಿಯ, ಗುರುವಿನಷ್ಟು ತೂಕದ ಗ್ರಹಗಳನ್ನು. ಸಿಕ್ಕಿದ್ದು ಕೆಲವೇ ದಿನಗಳ ಅವಧಿಯ, ಅದರ ಸಾವಿರದ ಒಂದು ಪಾಲಿನಷ್ಟು ತೂಕದ ಕಾಯಗಳು. ಹೆಸರು ಒಂದೇ ಆದ ಮಾತ್ರಕ್ಕೆ ನಿರ್ಣಯ ಒಂದಾಗದು. ಅವರ ನಿಜವಾದ ಕಾಣಿಕೆ ಬೇರೆ ಕಡೆ ಇದೆ: ಈ ನಕ್ಷತ್ರವನ್ನು ಬಿಡದೆ ಕಾಯಬೇಕೆಂಬ ಸಂಕಲ್ಪವನ್ನು ಅವರು ಮುಂದಿನವರಿಗೆ ಬಿಟ್ಟುಹೋದರು.

೭

ಗ್ರಹವಿದೆಯೆಂದು ತಿಳಿಯುವುದು ಒಂದು; ಅಲ್ಲಿ ಜೀವವಿದೆಯೆಂದು ತಿಳಿಯುವುದು ಇನ್ನೊಂದು. ಅಷ್ಟು ದೂರದಿಂದ ಜೀವದ ಗುರುತನ್ನು ಹುಡುಕಲು ಇರುವ ಮುಖ್ಯ ಸಾಧನ ರೋಹಿತವೇ. ಆಮ್ಲಜನಕ, ಮೀಥೇನ್ ಮುಂತಾದ ಅನಿಲಗಳು ಬೆಳಕಿನ ಕೆಲವು ಭಾಗಗಳನ್ನು ಹೀರುತ್ತವೆ. ಒಂದನ್ನೊಂದು ನಾಶಮಾಡುವ ಅನಿಲಗಳು ಜೊತೆಯಾಗಿ ಉಳಿದಿದ್ದರೆ, ಅವುಗಳನ್ನು ಯಾವುದೋ ಶಕ್ತಿ ನಿರಂತರವಾಗಿ ತುಂಬುತ್ತಿರಬೇಕು. ಈ ವಿಚಾರವನ್ನು ಜೇಮ್ಸ್ ಲವ್‌ಲಾಕ್ ೧೯೬೫ರಲ್ಲಿ ಮುಂದಿಟ್ಟರು. ೧೯೯೦ರ ಡಿಸೆಂಬರಿನಲ್ಲಿ ಗೆಲಿಲಿಯೊ ನೌಕೆ ಭೂಮಿಯ ಬಳಿ ಹಾದುಹೋಗುವಾಗ, ಭೂಮಿಯನ್ನೇ ಅಪರಿಚಿತ ಗ್ರಹವೆಂದು ಭಾವಿಸಿ ಇದನ್ನು ಪರೀಕ್ಷಿಸಲಾಯಿತು. ಆಮ್ಲಜನಕ, ಮೀಥೇನ್‌ಗಳ ಸಹವಾಸ ಅಲ್ಲಿ ಸ್ಪಷ್ಟವಾಗಿ ಕಂಡಿತು.

ಈ ಮಾರ್ಗದಲ್ಲಿಯೂ ಮೊದಲ ಹೆಜ್ಜೆ ತಪ್ಪಿದುದೇ. ವಿಲಿಯಂ ಸಿಂಟನ್ ಎಂಬ ಅಮೆರಿಕದ ಖಗೋಳಜ್ಞರು ೧೯೫೦ರ ದಶಕದ ಕೊನೆಯಲ್ಲಿ ಮಂಗಳಗ್ರಹದ ಅವಕೆಂಪು ರೋಹಿತದಲ್ಲಿ, ಸಸ್ಯಗಳಲ್ಲಿರುವಂತಹ ಇಂಗಾಲದ ಸಂಯುಕ್ತಗಳನ್ನು ಸೂಚಿಸುವ ಪಟ್ಟೆಗಳನ್ನು ಕಂಡರು. ಮಂಗಳದಲ್ಲಿ ಸಸ್ಯಜೀವನವಿದೆಯೆಂಬುದಕ್ಕೆ ಅದು ಬಲವಾದ ಪ್ರಮಾಣವೆನಿಸಿತು. ಆದರೆ ಮುಖ್ಯವಾದ ಎರಡು ಪಟ್ಟೆಗಳು ನಮ್ಮ ಭೂಮಿಯ ಗಾಳಿಯಲ್ಲಿರುವ ಭಾರಜಲದ ಆವಿಯಿಂದ ಉಂಟಾದುವೆಂದು ೧೯೬೫ರಲ್ಲಿ ಗೊತ್ತಾಯಿತು. ಆ ತಿದ್ದುಪಡಿಯ ಲೇಖನಕ್ಕೆ ಸಹಿ ಹಾಕಿದ ಮೂವರಲ್ಲಿ ಸಿಂಟನ್ ಒಬ್ಬರು. ವಿಜ್ಞಾನದ ಶೀಲವನ್ನು ಕುರಿತು ವಿದ್ಯಾರ್ಥಿಗಳಿಗೆ ಪಾಠ ಹೇಳುವವರು ಈ ಸಹಿಯನ್ನು ಉದಾಹರಿಸಬಹುದು.

ಇಂದು ವಾಯುಮಂಡಲಗಳ ಪರೀಕ್ಷೆ ನಡೆಯುತ್ತಿರುವುದು ೨೦೨೧ರ ಡಿಸೆಂಬರಿನಲ್ಲಿ ಉಡಾಯಿಸಿದ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದಿಂದ. ಭೂಮಿಯ ಗಾಳಿಯ ತೊಡಕು ಅದಕ್ಕಿಲ್ಲ. ಸುಮಾರು ೪೦ ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-೧ ಎಂಬ ಕೆಂಪು ಕುಬ್ಜ ನಕ್ಷತ್ರಕ್ಕೆ ಭೂಮಿಯ ಗಾತ್ರದ ಏಳು ಗ್ರಹಗಳಿವೆಯೆಂದು ಮಿಕೇಲ್ ಜಿಯೋಂ ಅವರ ತಂಡ ೨೦೧೭ರಲ್ಲಿ ತಿಳಿಸಿತ್ತು. ಏಳೂ ನಕ್ಷತ್ರಬಿಂಬವನ್ನು ನಮ್ಮೆದುರು ಅಡ್ಡಹಾಯುತ್ತವೆ. ೨೦೨೩ರಲ್ಲಿ ವೆಬ್ ದೂರದರ್ಶಕ ನೋಡಿದಾಗ, ಅತ್ಯಂತ ಒಳಗಿನ ಗ್ರಹದ ಹಗಲುಭಾಗ ಸುಮಾರು ೨೩೦ ಡಿಗ್ರಿ ಸೆಂಟಿಗ್ರೇಡ್ ಬಿಸಿಯಾಗಿದ್ದು, ಅದಕ್ಕೆ ಹೇಳಿಕೊಳ್ಳುವಂತಹ ವಾಯುಮಂಡಲವಿಲ್ಲವೆಂದು ತೋರಿತು. ಎರಡನೆಯದಕ್ಕೂ ಶುಕ್ರಗ್ರಹದಂತಹ ದಟ್ಟವಾದ ಹೊದಿಕೆಯಿಲ್ಲ. ನೀರಿರಬಹುದಾದ ವಲಯದ ಗ್ರಹವೊಂದರ ಮೊದಲ ನಾಲ್ಕು ಸಂಕ್ರಮಣಗಳ ಫಲಿತಾಂಶ ೨೦೨೫ರಲ್ಲಿ ಬಂದಿತು. ಅದು ಯಾವ ನಿರ್ಣಯಕ್ಕೂ ಎಡೆಗೊಡಲಿಲ್ಲ. ಕಾರಣ ಮತ್ತೆ ಅದೇ: ನಕ್ಷತ್ರದ ಕಳಂಕಗಳು ತಮ್ಮ ರೋಹಿತವನ್ನು ಗ್ರಹದ ರೋಹಿತದೊಡನೆ ಬೆರೆಸಿಬಿಡುತ್ತವೆ. ಪ್ರಬಲವಾದ ಅತಿನೇರಳೆ ಕಿರಣಗಳು ನೀರಾವಿಯನ್ನು ಒಡೆದಾಗ ಜೀವವಿಲ್ಲದೆಯೂ ಆಮ್ಲಜನಕ ಶೇಖರವಾಗಬಹುದೆಂಬುದು ಇನ್ನೊಂದು ತೊಡಕು.

೮

ಈ ವಿವರಗಳನ್ನು ಒಟ್ಟಿಗೆ ನೋಡಿದಾಗ ನಿರಾಶೆಗೆ ಕಾರಣವಿಲ್ಲ. ೧೮೫೫ರಲ್ಲಿ ದೋಷವು ವೀಕ್ಷಕನ ಕೈಯಲ್ಲಿತ್ತು, ೧೯೬೩ರಲ್ಲಿ ಮಸೂರದ ಚೌಕಟ್ಟಿನಲ್ಲಿತ್ತು. ಇಂದು ಅದು ಎಷ್ಟೋ ಜ್ಯೋತಿರ್ವರ್ಷಗಳಾಚೆ, ನಾವು ನೋಡುತ್ತಿರುವ ನಕ್ಷತ್ರದ ಮೈಮೇಲೆಯೇ ಇದೆ. ನಮ್ಮ ಅಜ್ಞಾನ ಅಷ್ಟು ದೂರ ಪ್ರಯಾಣ ಮಾಡಿರುವುದೇ ಜ್ಞಾನ ಬೆಳೆದುದರ ಅಳತೆ. ದೋಷವೂ ವ್ಯರ್ಥವಾಗಿ ಹೋಗಿಲ್ಲ. ಗ್ರಹಾನ್ವೇಷಕರನ್ನು ಕಾಡಿದ ಕಳಂಕಗಳಿಂದಲೇ ಕೆಂಪು ಕುಬ್ಜ ನಕ್ಷತ್ರಗಳ ಭ್ರಮಣವನ್ನೂ ಚಟುವಟಿಕೆಯನ್ನೂ ಕುರಿತ ತಿಳಿವಳಿಕೆ ಬೆಳೆದಿದೆ.

ಮುಂದೊಂದು ದಿನ ಸಮೀಪದ ಗ್ರಹವೊಂದರಲ್ಲಿ ಜೀವದ ಕುರುಹು ದೊರೆತಿದೆಯೆಂಬ ವಾರ್ತೆ ಬರಬಹುದು. ಆ ದಿನ ನಮ್ಮ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಗಳನ್ನು ಈ ಇತಿಹಾಸ ಸಿದ್ಧಪಡಿಸಿ ಇಟ್ಟಿದೆ. ಬೇರೆ ಉಪಕರಣಕ್ಕೂ ಅದು ಕಂಡಿತೆ? ನಕ್ಷತ್ರದ ಪಾಲನ್ನು ಕಳೆಯಲಾಗಿದೆಯೆ? ಜೀವವಿಲ್ಲದೆಯೂ ಅದು ಉಂಟಾಗಬಹುದೆ? ಘೋಷಿಸಿದವರು ತಮ್ಮ ದಾಖಲೆಗಳನ್ನು ಅಲ್ಲಗಳೆಯುವವರ ಕೈಗೂ ಒಪ್ಪಿಸಿದ್ದಾರೆಯೆ? ಇವುಗಳಿಗೆಲ್ಲ ತೃಪ್ತಿಕರವಾದ ಉತ್ತರ ದೊರೆತ ಮೇಲೆ ಸಂತೋಷಪಡಲು ಬೇಕಾದಷ್ಟು ಕಾಲವಿದೆ. ಮದರಾಸಿನ ಜೇಕಬ್ಬನಿಂದ ಮೊದಲಾದ ಈ ಅನ್ವೇಷಣೆ, ಬಾರ್ನಾರ್ಡ್ ನಕ್ಷತ್ರದ ನಾಲ್ಕು ಪುಟ್ಟ ಗ್ರಹಗಳನ್ನು ಮುಟ್ಟಲು ಒಂದೂಮುಕ್ಕಾಲು ಶತಮಾನದ ಹತ್ತಿರ ಹತ್ತಿರ ಕಾಯಿತಷ್ಟೆ.